ಹತ್ತಿದ ಗೇರಿನಲ್ಲೇ ಇಳಿಯಬೇಕು

ಫ್ಲೈಓವರಿನ ನೆತ್ತಿ ದಾಟಿ ಇಳಿಯತೊಡಗಿದೊಡನೆ ಲಾರಿಯ ಎಂಜಿನ್ ಸದ್ದು ಒಮ್ಮೆಲೇ ತಗ್ಗಿತು. ಡ್ರೈವರ್ ಭಯ್ಯಾ ಗೇರ್ ತೆಗೆದು ನ್ಯೂಟ್ರಲ್ ಮಾಡಿದ್ದ. ಫರೀದಾಬಾದಿನಿಂದ ಗ್ರೇಟರ್ ನೋಯ್ಡಾಕ್ಕೆ ಹೊರಟ ನಮ್ಮ ಮನೆ ಸಾಮಾನು, ಜೊತೆಗೆ ಇನ್ನೆರಡು ಮನೆಯವರದ್ದು, ಎಲ್ಲ ಬೆನ್ನ ಹಿಂದಿತ್ತು. ಅವನ ಪಕ್ಕ ನಾನೊಬ್ಬಳೇ.

"ಭಯ್ಯಾ, ಗೇರ್ ಹಾಕಿ!" ಎಂದು ಹಿಂದಿಯಲ್ಲಿ ಕೂಗಿದೆ.

"ಅರೇ ಮೇಡಂ, ಡೀಸೆಲ್ ಬಚ್‌ತಾ ಹೈ," ಎಂದು ನಕ್ಕ. ಡೀಸೆಲ್ ಉಳಿಯುತ್ತದಂತೆ!

ನನ್ನಪ್ಪ ಸೈನ್ಯದಲ್ಲಿ ಟ್ರಕ್ ಓಡಿಸಿದವರು. ಕೊಡಗಿನ ಪ್ರತಿ ಇಳಿಜಾರಿನಲ್ಲೂ, ಹತ್ತಿದ ಗೇರಿನಲ್ಲೇ ಇಳಿಯಬೇಕು, ಬರೀ ಬ್ರೇಕ್ ನಂಬಬಾರದು ಎಂದು ನಮ್ಮ ಕಿವಿ ತೂತಾಗುವಷ್ಟು ಹೇಳಿದವರು. ನಾನು ಮತ್ತೆ ಕಿರುಚಿದೆ. ಭಯ್ಯಾ ಮುಖ ಸಿಂಡರಿಸಿ ಕ್ಲಚ್ ಒತ್ತಿ ಬಿಟ್ಟ, ಎಂಜಿನ್ ರೇಸ್ ಮಾಡಿ ಮತ್ತೆ ಒತ್ತಿದ. ಗೇರ್ ಕರ್ರೆಂದು ಬಿತ್ತು. ಯಾರೋ ಹಿಂದಿನಿಂದ ಹಿಡಿದೆಳೆದಂತೆ ಲಾರಿಯ ವೇಗ ಇಳಿಯಿತು. ಅಷ್ಟರಲ್ಲಿ ಕೆಳಗೆ ಜನ ತುಂಬಿದ್ದ ಇ-ರಿಕ್ಷಾವೊಂದು ರಾಂಗ್ ಸೈಡಿನಲ್ಲಿ ಎದುರು ಬಂತು. ಬ್ರೇಕ್ ಹಿಡಿಯಿತು. ನಡುವೆ ಒಂದು ಮಾರು ಜಾಗ ಉಳಿದಿತ್ತು.

ಭಯ್ಯಾ ಮುಖ ಒರೆಸಿಕೊಂಡ. ಮುಂದಿನ ಫ್ಲೈಓವರ್ ಇಳಿಯುವಾಗ ಅವನ ಕೈ ಗೇರಿನತ್ತ ಹೋಯಿತು. ನನ್ನತ್ತ ನೋಡಿದವನೇ ಕೈಯನ್ನು ಹಾಗೇ ಹಿಂದಕ್ಕೆ ತೆಗೆದ.

ಸಂಜೆ ಅಪ್ಪನಿಗೆ ಫೋನ್ ಮಾಡಿ, ಲಾರಿಯಲ್ಲೇ ಬಂದೆ, ಸಾಮಾನೆಲ್ಲ ಸೇರಿತು ಎಂದೆ. "ಇಳಿಜಾರಲ್ಲಿ ಗೇರ್ ಹಾಕಿದ್ನಾ?" ಎಂದರು. ಇನ್ನೂ ಬಿಚ್ಚದ ಹಾಸಿಗೆ ಗಂಟಿನ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.