ಸಮಾಲೋಚಕಿಯ ಗಂಟಲು ಕಟ್ಟಿದಾಗ

ಪೀಣ್ಯ ಎರಡನೇ ಹಂತದಲ್ಲಿ, ಒಂದು ಬೇಕರಿಯ ನೆತ್ತಿಯ ಮೇಲೆ ನನ್ನದೊಂದು ಕೋಣೆ. ಅದರ ಬಾಗಿಲಿಗೆ ನೀಲಿ ಅಕ್ಷರದ ಒಂದು ಬೋರ್ಡು. ಅದನ್ನು ಬರೆಸುವ ದಿನ ಕಟ್ಟಡದ ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದು, “ಮೇಡಂ, ಮನಸ್ಸು, ಮಾನಸಿಕ ಅಂತೆಲ್ಲ ಬರೆಸ್ಬೇಡಿ. ಕೆಳಗೆ ಜನ ನೆಮ್ಮದಿಯಾಗಿ ಬನ್ನು ತಿಂತಾ ಇರ್ತಾರೆ, ತಲೆ ಎತ್ತಿ ನೋಡಿದ್ರೆ ಗಾಬರಿ ಆಗ್ತಾರೆ” ಎಂದರು. ಹಾಗಾಗಿ ‘ಆಪ್ತ ಸಮಾಲೋಚನೆ’ ಎಂದು ಬರೆಸಿದೆ. ಯಾರಿಗೂ ಗಾಬರಿಯಾಗದ ಪದ. ಯಾರಿಗೂ ಅರ್ಥವೂ ಆಗದ ಪದ. ಮೊದಲ ವಾರ ಮೆಟ್ಟಿಲು ಹತ್ತಿ ಬಂದವರು ಮೂವರು. ಒಬ್ಬರಿಗೆ ಮಗಳಿಗೊಂದು ಗಂಡು ಬೇಕಿತ್ತು, ಇನ್ನೊಬ್ಬರಿಗೆ ಸೈಟಿನ ಖಾತೆ ಬದಲಾಗಬೇಕಿತ್ತು, ಮೂರನೆಯವರು ಕೈ ತೊಳೆಯುವ ಜಾಗ ಹುಡುಕುತ್ತ ಮೇಲೆ ಬಂದಿದ್ದರು. ಮೂವರಿಗೂ ಅರ್ಧರ್ಧ ಗಂಟೆ ಸಲಹೆ ಕೊಟ್ಟೇ ಕಳಿಸಿದೆನೆಂದರೆ ನನ್ನ ಸ್ವಭಾವ ನಿಮಗೆ ತಿಳಿದುಹೋಯಿತು ಅಂದುಕೊಳ್ಳುತ್ತೇನೆ. ನಮ್ಮಮ್ಮ ಹೇಳುವ ಪ್ರಕಾರ ನಾನು ಹುಟ್ಟಿದಾಗ ಅಳಲೇ ಇಲ್ಲ, ಅಭಿಪ್ರಾಯ ಹೇಳಿದೆ.

ಇಂಥವಳು ಇನ್ನೊಬ್ಬರ ಮಾತು ಕೇಳುವ ಕಸುಬಿಗೆ ಬಂದದ್ದು ಹೇಗೆ ಎಂದು ನೀವು ಕೇಳಬಹುದು. ನನ್ನ ಯಜಮಾನರು ಈಗಲೂ ಕೇಳುತ್ತಾರೆ. ಓದು ಮುಗಿಸಿದ ಹೊಸತರಲ್ಲಿ ನಾನು ಇದೇ ಪೀಣ್ಯದ ಒಂದು ಕಾರ್ಖಾನೆಯ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದೆ. ಕಾರ್ಮಿಕರ ರಜೆ ಚೀಟಿಗಳೆಲ್ಲ ನನ್ನ ಮೇಜಿಗೆ ಬರುತ್ತಿದ್ದವು. ಕಾರಣ ಎಂಬ ಕಡೆ ನೂರಕ್ಕೆ ತೊಂಬತ್ತು ಮಂದಿ ಬರೆಯುತ್ತಿದ್ದದ್ದು ಒಂದೇ ಪದ: ಹೊಟ್ಟೆನೋವು. ಲೇತ್ ಯಂತ್ರದ ಒಬ್ಬ ಕೆಲಸಗಾರನಿಗೆ ಪ್ರತಿ ಸೋಮವಾರ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಆತ ಕುರ್ಚಿ ಎಳೆದುಕೊಂಡು ಕುಳಿತು, ಭಾನುವಾರಗಳಂದು ಊಟಕ್ಕೆ ಬರುವ ಮಾವನವರು ತನ್ನನ್ನು ಎಲ್ಲರೆದುರು ಹೇಗೆ ಹೀಯಾಳಿಸುತ್ತಾರೆಂದು ಮುಕ್ಕಾಲು ಗಂಟೆ ಹೇಳಿಕೊಂಡ. ಹೊಟ್ಟೆ ಎಂಬುದು ಎಷ್ಟೆಲ್ಲ ಸಂಗತಿಗಳ ಅಂಕಿತನಾಮ ಎಂಬುದು ನನಗೆ ಹೊಳೆದದ್ದು ಆಗಲೇ. ಅಂದಿನಿಂದ ರಜೆ ಚೀಟಿಗಳನ್ನು ಕಾದಂಬರಿಯಂತೆ ಓದತೊಡಗಿದೆ. ಮುಂದೆ ಅಂಚೆಯ ಮೂಲಕ ಮನಃಶಾಸ್ತ್ರದ ಎಂ.ಎ., ಬಸ್ಸಿನ ಕಂಬಿ ಹಿಡಿದು ನಿಂತೇ ಪರೀಕ್ಷೆಯ ಓದು, ಆಮೇಲೆ ಒಂದು ಆಸ್ಪತ್ರೆಯಲ್ಲಿ ಎರಡು ವರ್ಷದ ತರಬೇತಿ. ಅಲ್ಲಿನ ಹಿರಿಯ ವೈದ್ಯರು ಬೀಳ್ಕೊಡುವಾಗ, “ಎಲ್ಲಾ ಕಲಿತಿದ್ದೀಯಮ್ಮ, ಮಾತು ಮಾತ್ರ ಸ್ವಲ್ಪ ಕಡಿಮೆ ಮಾಡು” ಎಂದರು. ಅದೆಂಥ ದೊಡ್ಡ ಮಾತು ಎಂಬುದನ್ನು ನಾನು ಮನೆಗೆ ಬಂದು ಎಲ್ಲರಿಗೂ ಒಂದು ಗಂಟೆ ವಿವರಿಸಿದೆ.

ಯಮನಪ್ಪ ನನ್ನ ಬಳಿಗೆ ಬಂದದ್ದು ಕೋಣೆ ತೆರೆದ ಮೂರನೇ ವರ್ಷ. (ಹೆಸರು ನಿಜವಾದದ್ದಲ್ಲ, ಇದನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.) ಬಾಗಲಕೋಟೆ ಕಡೆಯವರು, ಚಿಕ್ಕಬಾಣಾವರದಲ್ಲಿ ಬಾಡಿಗೆ ಮನೆ, ತಗಡಿನ ಬಿಡಿಭಾಗ ಒತ್ತುವ ಪವರ್ ಪ್ರೆಸ್ಸಿನಲ್ಲಿ ಹನ್ನೊಂದು ವರ್ಷದ ಕೆಲಸ. ಕೆಲವು ತಿಂಗಳಿಂದ ಪೆಡಲಿನ ಮೇಲೆ ಕಾಲಿಟ್ಟ ಕೂಡಲೇ ಅವರ ಬಲಗೈ ಮರಗಟ್ಟಿ ಕಟ್ಟಿಗೆಯಂತಾಗುತ್ತಿತ್ತು. ನರದ ಡಾಕ್ಟರು, ಮೂಳೆಯ ಡಾಕ್ಟರು ಇಬ್ಬರೂ ಕೈಯಲ್ಲೇನೂ ದೋಷವಿಲ್ಲವೆಂದರು. ಕಾರ್ಖಾನೆಯವರು ಕಸ ಗುಡಿಸಲು ಹಾಕಿ, ಎರಡು ತಿಂಗಳಲ್ಲಿ ಸರಿಹೋಗದಿದ್ದರೆ ಬೇರೆ ಕಡೆ ನೋಡಿಕೊಳ್ಳಿ ಎಂದಿದ್ದರು.

ಜೊತೆಗೆ ಬಂದಿದ್ದ ಹೆಂಡತಿ ಶಾಂತವ್ವ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, “ಊಟ ಮಾಡವಲ್ರು, ಬಾಯಿ ಬಿಡವಲ್ರು. ಬಾಜೂ ಪ್ರೆಸ್ಸಿನವಂದು ಎರಡು ಬೆರಳು ಹೋದ್ವು ನೋಡ್ರಿ ಮೇಡಂ, ಅವಾಗಿಂದ ಹೆದರ್‍ಯಾರ” ಎಂದರು. ನನಗೆ ಅಷ್ಟು ಸಾಕಾಯಿತು. ಭಯ! ನನ್ನ ಪುಸ್ತಕಗಳಲ್ಲಿ ಭಯಕ್ಕೆ ಒಂದಿಡೀ ಅಧ್ಯಾಯವಿತ್ತು. ನಾಲ್ಕು ವಾರ ಶಾಂತವ್ವ ಮಾತಾಡಿದರು, ಅವರು ಉಸಿರು ತೆಗೆದುಕೊಳ್ಳುವಾಗ ನಾನು ಮಾತಾಡಿದೆ. ದೀರ್ಘ ಉಸಿರಾಟ ಹೇಳಿಕೊಟ್ಟೆ, ಕಣ್ಣು ಮುಚ್ಚಿಸಿ ಹಸಿರು ಹುಲ್ಲುಗಾವಲಿನಲ್ಲಿ ನಡೆಸಿದೆ. ಯಮನಪ್ಪ ಎಲ್ಲಕ್ಕೂ “ಹೂಂ ರೀ” ಎಂದರು. ಕೈ ಮಾತ್ರ ಹೂಂ ಅನ್ನಲಿಲ್ಲ. ಒಳಗೊಳಗೇ ನನಗೆ ಸಿಟ್ಟು. ಇಷ್ಟು ಚೆನ್ನಾಗಿ ಹೇಳಿಕೊಡುತ್ತಿದ್ದೇನೆ, ಈ ಮನುಷ್ಯನಿಗೆ ವಾಸಿಯಾಗಲು ಏನು ಧಾಡಿ!

ಐದನೇ ವಾರದ ಭೇಟಿಯ ಹಿಂದಿನ ದಿನ ವೈಟ್‌ಫೀಲ್ಡಿನ ಒಂದು ಕಂಪನಿ ತನ್ನ ಮ್ಯಾನೇಜರುಗಳಿಗೆ ಉಪನ್ಯಾಸ ಕೊಡಲು ನನ್ನನ್ನು ಕರೆಸಿತ್ತು. ವಿಷಯ, ‘ಕೇಳಿಸಿಕೊಳ್ಳುವ ಕಲೆ’. ಮೈಕು ಕೆಟ್ಟಿತ್ತು. ಹಿಂದಿನ ಸಾಲಿಗೂ ಕೇಳಲಿ ಎಂದು ಆರು ಗಂಟೆ ಕಿರುಚಿ, ಕೇಳಿಸಿಕೊಳ್ಳುವುದು ಎಷ್ಟು ಮುಖ್ಯವೆಂದು ಅವರಿಗೆ ಮನದಟ್ಟು ಮಾಡಿ, ಮರುದಿನ ಎದ್ದರೆ ನನ್ನ ಗಂಟಲಿನಿಂದ ಗಾಳಿಯ ಹೊರತು ಏನೂ ಬರಲಿಲ್ಲ.

ಅಂದು ಯಮನಪ್ಪ ಒಬ್ಬರೇ ಬಂದರು. ಶಾಂತವ್ವನಿಗೆ ಗಾರ್ಮೆಂಟ್ಸಿನಲ್ಲಿ ರಜೆ ಸಿಕ್ಕಿರಲಿಲ್ಲ. ನಾನು ಗಂಟಲು ತೋರಿಸಿ, ಚೀಟಿಯಲ್ಲಿ ‘ದನಿ ಹೋಗಿದೆ. ನೀವೇ ಮಾತಾಡಬೇಕು’ ಎಂದು ಬರೆದುಕೊಟ್ಟೆ. ಅವರು ನಿಧಾನವಾಗಿ ಓದಿ, “ಶುಂಠಿ, ಮೆಣಸು ಕುದಿಸಿ ಕುಡೀರಿ” ಎಂದು ಮೊದಲು ನನಗೇ ಚಿಕಿತ್ಸೆ ಹೇಳಿದರು. ಕೆಳಗೆ ಬೇಕರಿಯವನು ಬ್ರೆಡ್ಡಿನ ತಟ್ಟೆಗಳನ್ನು ಎಳೆಯುವುದು ಕೇಳಿಸುತ್ತಿತ್ತು. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸವೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ನಾಲಗೆಯ ತುದಿಗೆ ಬಂದ ಸಲಹೆಗಳನ್ನೆಲ್ಲ ಒಂದೊಂದಾಗಿ ನುಂಗುತ್ತ ಕುಳಿತೆ.

ತುಂಬ ಹೊತ್ತಿನ ಮೇಲೆ ಅವರು ತಮ್ಮ ಬಲಗೈಯನ್ನೇ ನೋಡುತ್ತ ಹೇಳಿದರು: “ಆ ಪ್ರೆಸ್ಸು ಅವಂದಲ್ರೀ ಮೇಡಂ. ನಂದು.”

ಬೆರಳು ಹೋದ ಆ ದಿನ ಮಗಳನ್ನು ಶಾಲೆಗೆ ಸೇರಿಸಲು ಯಮನಪ್ಪ ಅರ್ಧ ದಿನದ ರಜೆ ಹಾಕಿದ್ದರಂತೆ. ಕೆಲಸ ತುರ್ತಿನದೆಂದು ಸೂಪರ್‌ವೈಸರು ಪಕ್ಕದ ಯಂತ್ರದ ಮುನಿರಾಜುವನ್ನು ಅವರ ಪ್ರೆಸ್ಸಿಗೆ ಕೂರಿಸಿದರು. “ಪೆಡಲ್ ಒಂದ್ ಸಲ ಒತ್ತಿದ್ರ ಮ್ಯಾಲಿನ ಅಚ್ಚು ಒಮ್ಮೊಮ್ಮೆ ಎರಡ್ ಸಲ ಬೀಳ್ತಿತ್ತರಿ. ನನಗ ಗೊತ್ತಿತ್ತು. ನಾ ಹುಷಾರಿಂದ ನಡಸ್ತಿದ್ನಿ. ಅವಂಗ ಹೇಳೂದು ಮರ್ತ್‌ಬಿಟ್ನಿರಿ. ಶಾಲಿಗೆ ಹೊತ್ತಾಕ್ಕೈತಿ ಅಂತ ಓಡಿದ್ನಿ.” ಇದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

‘ಅದು ನಿಮ್ಮ ತಪ್ಪಲ್ಲ’ ಎಂಬ ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ದನಿ ಇದ್ದಿದ್ದರೆ ಖಂಡಿತ ಹೇಳುತ್ತಿದ್ದೆ. ಆಗ ಅವರು “ಹೂಂ ರೀ” ಎಂದು ಎದ್ದು ಹೋಗುತ್ತಿದ್ದರು. ಬರೆಯಲು ಪೆನ್ನು ಎತ್ತಿಕೊಂಡಾಗ ಆ ಮಾತು ಕಾಗದದ ಮೇಲೆ ಎಷ್ಟು ಅಗ್ಗವಾಗಿ ಕಾಣುತ್ತದೆಂದು ತೋರಿತು. ಬದಲಿಗೆ ‘ಮುನಿರಾಜು ಅವರನ್ನು ಹೋಗಿ ನೋಡಿದಿರಾ?’ ಎಂದಷ್ಟೇ ಬರೆದೆ. ಅವರು ಓದಿದರು. “ಯಾವ ಮಾರಿ ಇಟ್ಕೊಂಡು ಹೋಗ್ಲಿರಿ?” ಎಂದು ಆ ದೊಡ್ಡ ಮನುಷ್ಯ ಅತ್ತರು.

ಮುಂದಿನ ಮೂರು ವಾರ, ಆ ಮನೆಯ ಬಾಗಿಲಲ್ಲಿ ನಿಂತು ಏನು ಹೇಳಬೇಕೆಂಬುದನ್ನೇ ಅಭ್ಯಾಸ ಮಾಡಿದೆವು. ನಾನು ಮುನಿರಾಜುವಿನ ಪಾತ್ರ. ಮರಳಿ ಬಂದಿದ್ದ ಹೊಸ ದನಿಯಲ್ಲಿ ಕ್ಷಮೆಯ ಬಗ್ಗೆ ಎರಡು ಮಾತು ಆಡಹೊರಟರೆ ಯಮನಪ್ಪ ತಡೆಯುತ್ತಿದ್ದರು: “ಅಂವ ಹಂಗ ಮಾತಾಡಂಗಿಲ್ರೀ ಮೇಡಂ. ಅಂವ ಬೈತಾನ. ನೀವು ಬೈರಿ.” ಬೈಯುವುದರಲ್ಲಿ ನಾನು ತೀರ ಸಪ್ಪೆ ಎಂಬುದು ಅವರ ಅಭಿಪ್ರಾಯವಾಗಿತ್ತು.

ಕೊನೆಗೊಂದು ಭಾನುವಾರ, ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ, ಚಂದಾಪುರದಲ್ಲಿ ಅಕ್ಕನ ಮನೆಯಲ್ಲಿದ್ದ ಮುನಿರಾಜುವನ್ನು ಕಾಣಲು ಹೋದರು. ನಡೆದದ್ದನ್ನು ಮರುವಾರ ಒಂದೊಂದು ಮಾತೂ ಬಿಡದೆ ಹೇಳಿದರು. ಮುನಿರಾಜು ಒಳಗೆ ಬಾ ಎನ್ನಲಿಲ್ಲ. ಬಾಗಿಲಲ್ಲೇ ನಿಲ್ಲಿಸಿಕೊಂಡು ಎಲ್ಲ ಕೇಳಿದ. ಆಮೇಲೆ ಅಂದನಂತೆ: “ಏಳೋದು ಮರ್ತಿದ್ದು ಬುಡು, ಯಾರಾದ್ರೂ ಮರೀತಾರೆ. ಆರ್ ತಿಂಗ್ಳು ನೀನು ಮಕ ತೋರಿಸ್ಲಿಲ್ವಲ್ಲ, ಅದನ್ನ ನಾನು ಎಂಗೆ ಮರೀಲಿ?” ಅಕ್ಕ ಕುಡಿಯಲು ನೀರು ತಂದುಕೊಟ್ಟಳು. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಆದರೆ ಬಸ್ ಸ್ಟಾಪಿನ ತನಕ ಜೊತೆಯಲ್ಲಿ ನಡೆದು ಬಂದ, ಬಸ್ಸು ಹೊರಡುವವರೆಗೂ ನಿಂತಿದ್ದ.

ಮರುದಿನ ಯಮನಪ್ಪ ಕಾರ್ಖಾನೆಯಲ್ಲಿ, ಆ ಪ್ರೆಸ್ಸಿಗಿದ್ದ ದೋಷ, ತನಗೆ ಅದು ಗೊತ್ತಿದ್ದದ್ದು, ಎಲ್ಲವನ್ನೂ ಬರೆದುಕೊಟ್ಟರು. ಕೆಲಸ ಹೋದೀತೆಂದು ನನಗೂ ಅಂಜಿಕೆಯಿತ್ತು. ಹೋಗಲಿಲ್ಲ, ಎರಡು ತಿಂಗಳ ಗಡುವನ್ನೂ ಸಡಿಲಿಸಿದರು; ಒಂದಷ್ಟು ಕೂಗಾಟದ ನಂತರ ಯಂತ್ರ ರಿಪೇರಿಯಾಯಿತು, ಮುಂದೊಂದು ರಕ್ಷಣೆಯ ಜಾಲರಿಯೂ ಬಂತು. ಕೈ ಒಂದೇ ದಿನದಲ್ಲಿ ಸರಿಹೋಯಿತೆಂದು ಬರೆದರೆ ನಿಮಗೆ ಸಂತೋಷವಾಗುತ್ತಿತ್ತು; ಅದು ಎರಡು ತಿಂಗಳು ತೆಗೆದುಕೊಂಡಿತು, ಈಗಲೂ ಕೆಲವು ದಿನ ಮರಗಟ್ಟುತ್ತದಂತೆ. ಶಾಂತವ್ವ ಮಾತ್ರ ಕೊನೆಯ ಭೇಟಿಯಲ್ಲಿ, “ಈಗ ಇವರು ಮಾತಾಡಾಕ ಹತ್ತಿದ್ರ ನಿಲ್ಲಸಂಗಿಲ್ರೀ. ಇದಕ್ಕೇನರ ಔಷಧ ಐತೇನ್ರಿ?” ಎಂದು ನನ್ನನ್ನೇ ಕೇಳಿದರು. ಇದ್ದಿದ್ದರೆ ನಮ್ಮ ಮನೆಯಲ್ಲಿ ಎಂದೋ ನನಗೆ ಕುಡಿಸಿರುತ್ತಿದ್ದರು.

ಕೆಲವು ವಾರಗಳ ಮೇಲೆ, ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡ ಒಬ್ಬಾತ ಬಾಗಿಲಲ್ಲಿ ನಿಂತಿದ್ದ. “ಚಂದಾಪುರದಿಂದ ಬಂದೆ ಮೇಡಂ, ಮುನಿರಾಜು ಅಂತ. ಯಮನಪ್ಪ ಕಳಿಸ್ದ” ಎಂದ. ನಾನು ಕುರ್ಚಿ ತೋರಿಸಿದೆ. ಆತ ಗೋಡೆ ನೋಡಿದ, ಕಿಟಕಿ ನೋಡಿದ. ನಾನು ಏನನ್ನೂ ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ಆತ ಜೇಬಿನಿಂದ ಕೈ ತೆಗೆದು, ಮೂರು ಬೆರಳುಗಳ ಆ ಕೈಯನ್ನು ಮೆಲ್ಲಗೆ ನಮ್ಮಿಬ್ಬರ ನಡುವಿನ ಮೇಜಿನ ಮೇಲೆ ಇಟ್ಟ.