ಎಣ್ಣೆ ಡಬ್ಬದ ಚಾಸಿ

೨೦೧೭ರ ಮಳೆಗಾಲ ಆಗಷ್ಟೇ ಮುಗಿದಿತ್ತು. ನಾನಾಗ ಠಾಣೆಯಿಂದ ಕಲ್ಯಾಣದವರೆಗಿನ ಭಾಗಕ್ಕೆ ಮೋಟಾರ್ ಸರ್ವೇಯರ್. ವಿಮಾ ಕಂಪನಿಯ ಸಂಬಳದವಳಲ್ಲ; ಲೈಸೆನ್ಸ್ ಪಡೆದು ಸ್ವತಂತ್ರವಾಗಿ ಕೆಲಸ ಮಾಡುವವಳು. ಕಂಪನಿಯಿಂದ ಫೋನ್ ಬಂದರೆ ಹೋಗಿ ವಾಹನ ನೋಡುವುದು, ಫೋಟೋ ತೆಗೆಯುವುದು, ವರದಿ ಬರೆಯುವುದು. ಅಪಘಾತವಾದ ಮೇಲೆ ನೋಡುವುದು ಒಂದು ಬಗೆ. ಇನ್ನೊಂದಕ್ಕೆ ಬ್ರೇಕ್-ಇನ್ ಇನ್‌ಸ್ಪೆಕ್ಷನ್ ಎನ್ನುತ್ತೇವೆ. ಪಾಲಿಸಿ ಕಟ್ಟದೆ ತಿಂಗಳುಗಟ್ಟಲೆ ಬಿಟ್ಟ ವಾಹನಕ್ಕೆ ಮತ್ತೆ ವಿಮೆ ಬೇಕೆಂದರೆ, ಅದರ ಸ್ಥಿತಿ ಏನೆಂದು ಮೊದಲು ಒಬ್ಬರು ನೋಡಿ ಹೇಳಬೇಕು. ಆ ಒಬ್ಬರು ನಾನು.

ಇಪ್ಪತ್ತೇಳು ವರ್ಷ ಈ ಕೆಲಸ ಮಾಡಿ ನನಗೆ ಒಂದು ಜಾತಿಯ ಮನುಷ್ಯರ ಮೇಲೆ ತಿರಸ್ಕಾರ ಬೆಳೆದಿತ್ತು. ಈಗಲೂ ಅದು ಹೋಗಿಲ್ಲ, ಹೋಗಲಿ ಎಂಬ ಆಸೆಯೂ ಇಲ್ಲ. ತುಕ್ಕು ತಿಂದ ಗಾಡಿಯನ್ನು ಮೂರು ಕಾಸಿಗೆ ತಂದು, ನಾಲ್ಕು ವಿಡಿಯೋ ನೋಡಿ, ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ತಾವೇ ರಿಪೇರಿಗೆ ಕೂರುವ ಮಹಾಶಯರ ಬಗ್ಗೆ ಹೇಳುತ್ತಿದ್ದೇನೆ. ಇವರಿಗೆ ಎಂಜಿನ್ ಆಯಿಲ್ ಬದಲಿಸುವುದು ಬೇಸರ, ಬ್ರೇಕ್ ಬಿಚ್ಚುವುದು ಹೇಸಿಗೆ. ಇವರ ಪ್ರೀತಿಯೆಲ್ಲ ಪೇಂಟಿನ ಮೇಲೆ. ಕೊಳೆತ ಕಬ್ಬಿಣದ ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು, ಸ್ಟಿಕರ್ ಅಂಟಿಸಿ, ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುವುದು ಇವರ ಎಂಜಿನಿಯರಿಂಗ್.

ಕಲ್ಯಾಣದ ಕಾನ್ವೆಂಟಿನಲ್ಲಿ ನಮಗೆ ನೀಡಲ್‌ವರ್ಕ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಹರಿದ ಸಾಕ್ಸ್ ಹೊಲಿಯಲು ಕೊಟ್ಟರೆ ನಾವು ಹುಡುಗಿಯರು ತೂತಿನ ಅಂಚಿಗೇ ಸೂಜಿ ಹಾಕುತ್ತಿದ್ದೆವು. ಅವರು ಕತ್ತರಿ ತಂದು ಎಲ್ಲವನ್ನೂ ಕಿತ್ತುಹಾಕುತ್ತಿದ್ದರು. ತೂತಿನಿಂದ ಅರ್ಧ ಇಂಚು ಆಚೆ, ಗಟ್ಟಿ ಬಟ್ಟೆ ಇರುವಲ್ಲಿಂದ ಶುರು ಮಾಡಬೇಕು ಎನ್ನುತ್ತಿದ್ದರು. ವೆಲ್ಡಿಂಗಿಗೂ ನಿಯಮ ಅದೇ. ಇಡೀ ವೃತ್ತಿಜೀವನದಲ್ಲಿ ಇದನ್ನು ಗಂಡಸರಿಗೆ ಹೇಳಿಕೊಡುವುದೇ ಆಯಿತು. ಒಬ್ಬರಾದರೂ ಆ ಸಿಸ್ಟರ್ ಕೈಯಲ್ಲಿ ಕಲಿತಿದ್ದರೆ!

ಆ ಭಾನುವಾರ ನಾನು ಹೋದದ್ದು ಡೊಂಬಿವಲಿ ಈಸ್ಟಿನ ಒಂದು ಸೊಸೈಟಿಗೆ. ವಾಹನದ ಮಾಲೀಕರು ಉಡುಪಿ ಕಡೆಯ ರಾಯರು. ಸ್ಟೇಷನ್ ಹತ್ತಿರ ಪುಟ್ಟ ವೆಜಿಟೇರಿಯನ್ ಹೋಟೆಲ್, ಜೊತೆಗೆ ಮದುವೆ ಮುಂಜಿಗೆ ಕೇಟರಿಂಗ್. ಉಲ್ಹಾಸನಗರದ ಗುಜರಿಯವನಿಂದ ಹನ್ನೊಂದು ವರ್ಷದ ಪಿಕಪ್ ತಂದು, ಎರಡು ತಿಂಗಳು ಅದಕ್ಕೆ ಮನೆಯಲ್ಲೇ ಆರೈಕೆ ಮಾಡಿದ್ದರು. ವಿಮೆ ಇಲ್ಲದೆ ಎಂಟು ತಿಂಗಳಾಗಿತ್ತು.

ಗಾಡಿ ಮದುಮಗಳಂತೆ ನಿಂತಿತ್ತು. ಕೆನೆ ಬಣ್ಣ, ಅದಕ್ಕೆ ಕೆಂಪು ಅಂಚು, ಬಾಗಿಲಿನ ಮೇಲೆ ಹೋಟೆಲಿನ ಹೆಸರು, ಬಂಪರಿಗೆ ಚೆಂಡುಹೂವಿನ ಮಾಲೆ. ಪಕ್ಕದಲ್ಲಿ ಸ್ಟೂಲ್ ಮೇಲೆ ಸ್ಟೀಲ್ ಲೋಟದಲ್ಲಿ ಕಾಫಿ, ತಟ್ಟೆಯಲ್ಲಿ ಶಿರಾ. ನನ್ನ ಕನ್ನಡ ಕೇಳಿದ್ದೇ ರಾಯರ ಮುಖ ಅರಳಿತು.

“ನೀವು ನಮ್ಮೂರಿನವರೇ ಅಂತ ಗೊತ್ತೇ ಇರಲಿಲ್ಲ ಅಕ್ಕ! ಮೊದಲು ತಿಂಡಿ ಆಗಲಿ. ಗಾಡಿ ಎಲ್ಲಿಗೆ ಓಡಿಹೋಗ್ತದೆ?”

“ಸಹಿ ಹಾಕುವ ಮೊದಲು ನಾನು ಏನೂ ತಿನ್ನುವುದಿಲ್ಲ.”

“ಹಾಗಾದರೆ ಬೇಗ ಸಹಿ ಹಾಕಿಬಿಡಿ, ಶಿರಾ ಆರಿಹೋಗ್ತದೆ” ಎಂದು ನಕ್ಕರು. ಜೋಕ್ ಮಾಡಿದ್ದೇನೆ ಎಂದುಕೊಂಡಿರಬೇಕು.

ಗಾಡಿಯ ಬಳಿ ಇನ್ನೊಬ್ಬರಿದ್ದರು. ನಲವತ್ತರ ಸುಮಾರಿನ ಶರಣಪ್ಪ, ಕಲಬುರಗಿ ಕಡೆಯವರು. ಶಹಾಡ್ ಗೋದಾಮಿನಲ್ಲಿ ಒಂಬತ್ತು ವರ್ಷ ಲೋಡಿಂಗ್ ಮಾಡಿ ಸೊಂಟ ಕೆಟ್ಟಿತ್ತು. ಡ್ರೈವಿಂಗ್ ಲೈಸೆನ್ಸ್ ಇತ್ತು. ಗಾಡಿ ಪಾಸಾದರೆ ಡ್ರೈವರ್ ಕೆಲಸ, ಸಂಸಾರಕ್ಕೆ ಹೋಟೆಲಿನ ಸ್ಟೋರ್ ಮೇಲಿನ ಕೋಣೆ, ಹೆಂಡತಿಗೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಎಂದು ರಾಯರು ಒಪ್ಪಿಕೊಂಡಿದ್ದರು; ರಿಪೇರಿ ಶುರುವಾದಾಗಲೇ ಸಂಸಾರ ಆ ಕೋಣೆಗೆ ಬಂದು, ಹೆಂಡತಿ ಕೆಲಸಕ್ಕೂ ಸೇರಿದ್ದರು. ಇದನ್ನೆಲ್ಲ ರಾಯರೇ, ತಮ್ಮ ಔದಾರ್ಯದ ಸರ್ಟಿಫಿಕೇಟ್ ಓದುವ ಹಾಗೆ, ಶರಣಪ್ಪನವರ ಎದುರೇ ಹೇಳಿದರು. ರಿಪೇರಿಯಲ್ಲಿ ರಾಯರ ಪಾತ್ರ ಕುರ್ಚಿ ಹಾಕಿಕೊಂಡು ಫೋನಿನಲ್ಲಿ ವಿಡಿಯೋ ಓಡಿಸುವುದು. ಗಾಡಿಯ ಕೆಳಗೆ ಮಲಗುವುದು ಶರಣಪ್ಪನವರ ಪಾತ್ರ.

ಬ್ಯಾಗಿನಿಂದ ಮ್ಯಾಗ್ನೆಟ್ ತೆಗೆದೆ. ಈ ಕೆಲಸದಲ್ಲಿ ದುಬಾರಿ ಯಂತ್ರಗಳೇನೂ ಬೇಡ. ಕಬ್ಬಿಣವಿದ್ದಲ್ಲಿ ಮ್ಯಾಗ್ನೆಟ್ ಟಕ್ ಎಂದು ಹಿಡಿಯುತ್ತದೆ, ಪುಟ್ಟಿ ತುಂಬಿದ್ದಲ್ಲಿ ಜಾರಿ ಬೀಳುತ್ತದೆ. ಡೋರ್, ಮಡ್‌ಗಾರ್ಡ್, ಹಿಂದಿನ ಡಾಲಾ, ಅಂದರೆ ಸರಕು ತುಂಬುವ ತೊಟ್ಟಿ, ಎಲ್ಲ ಕಡೆ ಇಟ್ಟೆ. ಎಲ್ಲ ಕಡೆಯೂ ಹಿಡಿಯಿತು. ನನಗೆ ಆಶ್ಚರ್ಯವಾಯಿತು. ಇಂಥ ಗಾಡಿಯಲ್ಲಿ ಹತ್ತು ಕಡೆಯಾದರೂ ಬೀಳಬೇಕಿತ್ತು. ರಾಯರು ನಗುತ್ತಲೇ ಇದ್ದರು.

ಉಳಿದದ್ದು ಕೆಳಭಾಗ. ಪಿಕಪ್ಪಿನ ಜೀವ ಇರುವುದು ಚಾಸಿಯಲ್ಲಿ: ಮುಂದಿನಿಂದ ಹಿಂದಿನವರೆಗೆ ಚಾಚಿದ ಎರಡು ಉಕ್ಕಿನ ತೊಲೆಗಳು. ಎಂಜಿನ್, ಬಾಡಿ, ಸರಕು ಎಲ್ಲವೂ ಕೂರುವುದು ಅವುಗಳ ಮೇಲೆ. ಹಿಂದಿನ ಚಕ್ರಗಳ ಪ್ಲೇಟುಗಳು, ಅಂದರೆ ಲೀಫ್ ಸ್ಪ್ರಿಂಗ್, ಈ ತೊಲೆಗಳಿಗೇ ನೇತುಬಿದ್ದಿರುತ್ತವೆ. ಆ ಜಾಗ ಮುರಿದರೆ ಹಿಂದಿನ ಆಕ್ಸಲ್ ಓರೆಯಾಗುತ್ತದೆ. ಲೋಡ್ ಇರುವ ಗಾಡಿ ಮಗುಚಲು ಒಂದು ಹೊಂಡ ಸಾಕು.

ರೆಕ್ಸಿನ್ ಹಾಸಿ ಕೆಳಗೆ ನುಸುಳಿದೆ. ನನಗಾಗ ಐವತ್ತೆಂಟು, ಬಲ ಮಂಡಿ ಆಗಲೇ ಮುಷ್ಕರ ಹೂಡಿತ್ತು. ಅದು ಆ ದಿನದ ಮೂರನೆಯ ಗಾಡಿ. ಇಡೀ ಚಾಸಿಗೆ ಹೊಚ್ಚ ಹೊಸ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಬಳಿದಿದ್ದರು. ಡಾಂಬರಿನಂತೆ ದಪ್ಪ, ಏನೂ ಕಾಣದು. ಆಚೆ ಬದಿಯಿಂದ ಶರಣಪ್ಪ ಟಾರ್ಚ್ ಹಿಡಿದು ಒಳಗೆ ಬಂದರು. ರಾಯರು ಹೊರಗೇ ನಿಂತರು. ಬಿಳಿ ಪಂಚೆ ಕೊಳೆಯಾಗುತ್ತದಲ್ಲ. ನಮಗೆ ಕಾಣುತ್ತಿದ್ದದ್ದು ಅವರ ಚಪ್ಪಲಿ ಮಾತ್ರ.

“ಶರಣಪ್ಪಾ, ಅಕ್ಕನಿಗೆ ಸರಿಯಾಗಿ ಬೆಳಕು ಹಿಡಿ ಮಾರಾಯ” ಎಂದು ಚಪ್ಪಲಿಗಳು ಹೇಳಿದವು.

ಎಡ ತೊಲೆಗೆ ಮ್ಯಾಗ್ನೆಟ್ ಇಟ್ಟೆ, ಹಿಡಿಯಿತು. ಬಲ ತೊಲೆ, ಅಲ್ಲೂ ಹಿಡಿಯಿತು. ಸಾಕು, ಹೊರಗೆ ಹೋಗೋಣ ಎಂದು ಮನಸ್ಸಿನಲ್ಲಿ ಆಗಲೇ ಫಾರಂ ತುಂಬುತ್ತಿದ್ದೆ. ಆದರೆ ಟಾರ್ಚಿನ ಬೆಳಕು ನನ್ನ ಕೈಯ ಜೊತೆ ಬರುತ್ತಿರಲಿಲ್ಲ. ಬಲ ತೊಲೆಯ ಹಿಂಭಾಗದಲ್ಲಿ, ಪ್ಲೇಟು ಕೂರುವ ಜಾಗದ ಮೇಲೆ ನಿಂತುಬಿಟ್ಟಿತ್ತು.

“ಇಲ್ಲಿ ಹಿಡಿಯಪ್ಪಾ, ನಿದ್ದೆ ಬಂತಾ?” ಎಂದು ಗದರಿದೆ.

ಬೆಳಕು ನನ್ನ ಕಡೆ ಬಂತು. ಮರುಕ್ಷಣ ಮತ್ತೆ ಅಲ್ಲಿಗೇ ಹೋಯಿತು. ಮಂದ ಮನುಷ್ಯ ಎಂದುಕೊಂಡು ತಿರುಗಿ ಅವರ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ರೆಪ್ಪೆ ಅಲ್ಲಾಡಲಿಲ್ಲ. ಬಾಯಿ ಮಾತ್ರ ಹೊರಗೆ ಕೇಳುವಂತೆ ಜೋರಾಗಿ ಹೇಳುತ್ತಿತ್ತು: “ಗಾಡಿ ಭಾಳ ಗಟ್ಟಿ ಐತ್ರಿ ಬಾಯಾರ. ಸೈ ಮಾಡ್ರಿ, ನಾ ಸಾವಕಾಶ ಹೊಡೀತೀನಿ. ಏನೂ ಆಗಂಗಿಲ್ಲ.”

ಬೆಳಕು ಬಿದ್ದಲ್ಲಿ ಸುತ್ತಿಗೆಯಿಂದ ತಟ್ಟಿದೆ. ಗಟ್ಟಿ ಉಕ್ಕು ಗಂಟೆಯಂತೆ ಸ್ವರ ಕೊಡುತ್ತದೆ. ಇದು ಖಾಲಿ ಡಬ್ಬದಂತೆ ಸದ್ದು ಮಾಡಿತು. ಸ್ಕ್ರೂಡ್ರೈವರಿನಿಂದ ಕೋಟಿಂಗ್ ಕೆರೆದೆ. ಕೆಳಗಿನಿಂದ ಒಂದು ಹಳದಿ ಸೂರ್ಯಕಾಂತಿ ಹೂ ಅರಳಿತು. ಅದರ ಪಕ್ಕ ಹಿಂದಿ ಅಕ್ಷರಗಳಲ್ಲಿ ‘ರಿಫೈಂಡ್ ತೇಲ್’, ‘ಹದಿನೈದು ಕೆ.ಜಿ.’

ಒಂದು ಕ್ಷಣ ನಾನು ಏನು ನೋಡುತ್ತಿದ್ದೇನೆ ಎಂದೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹೋಟೆಲಿನಲ್ಲಿ ಖಾಲಿಯಾದ ಎಣ್ಣೆ ಡಬ್ಬಗಳನ್ನು ಕತ್ತರಿಸಿ, ತುಕ್ಕು ತಿಂದ ತೂತುಗಳ ಮೇಲಿಟ್ಟು, ರಿವೆಟ್ ಹೊಡೆದು, ಕಪ್ಪು ಬಳಿದಿದ್ದರು. ಸರ್ವೇಯರ್‌ಗಳು ಮ್ಯಾಗ್ನೆಟ್ ಇಡುತ್ತಾರೆ ಎಂದು ಯಾವುದೋ ವಿಡಿಯೋದಲ್ಲಿ ಕೇಳಿ ಹೊಳೆದ ಉಪಾಯ. ಪುಟ್ಟಿಗೆ ಮ್ಯಾಗ್ನೆಟ್ ಹಿಡಿಯದು, ತಗಡಿಗೆ ಹಿಡಿಯುತ್ತದೆ. ಸ್ಕ್ರೂಡ್ರೈವರ್ ಒತ್ತಿದರೆ ಸೂರ್ಯಕಾಂತಿಯನ್ನು ಸೀಳಿ ಹಿಡಿಯವರೆಗೂ ಒಳಗೆ ಹೋಯಿತು. ಎಣಿಸಿದೆ: ಚಾಸಿಗೆ ಇಂಥ ಏಳು ತೇಪೆ, ಗಾಡಿಯ ಮೈಮೇಲಿನವು ಬೇರೆ. ಪ್ಲೇಟು ಕೂರುವ ಜಾಗದಲ್ಲಿ ಒಂದು ಗೇಣು ಉದ್ದಕ್ಕೆ ಉಕ್ಕೇ ಇರಲಿಲ್ಲ.

ಶರಣಪ್ಪ ಉಸಿರಿನಷ್ಟೇ ಸದ್ದಿನಲ್ಲಿ ಹೇಳಿದರು: “ಗುರುವಾರ ಐರೋಲಿ ಮದುವಿ ಐತ್ರಿ. ಹಿಂದ ಸಾಂಬಾರಿನ ಡ್ರಮ್ಮಿನ ಮಗ್ಗಲಕ ಆರು ಹೆಣ್ಮಕ್ಳು ಕುಂದರ್ತಾರ. ನನ್ನ ಹೆಣ್ತಿನೂ ಅದಾಳ.”

ಕುದಿಯುವ ಸಾಂಬಾರು, ಶಿಳ್‌ಫಾಟಾ ರಸ್ತೆಯ ಹೊಂಡಗಳು, ಎಣ್ಣೆ ಡಬ್ಬದ ಚಾಸಿ. ಹೊರಗೆ ಬಂದೆ. ಸಿಟ್ಟಿಗೆ ಮಂಡಿ ನೋವು ಮರೆತುಹೋಗಿತ್ತು.

“ಏನು ರಾಯರೇ, ಗಾಡಿಯನ್ನೂ ಪ್ಯೂರ್ ವೆಜ್ ಮಾಡಿಬಿಟ್ಟಿದ್ದೀರಿ?”

ಅವರಿಗೆ ನಾಚಿಕೆ ಎಂಬುದು ಹತ್ತಿರವೂ ಸುಳಿಯಲಿಲ್ಲ. “ತಗಡೂ ಕಬ್ಬಿಣವೇ ಅಲ್ವಾ ಅಕ್ಕ? ಮ್ಯಾಗ್ನೆಟ್ ಹಿಡೀಲಿಲ್ವಾ? ಎಂತ ಮಾಡುದು, ಹೊಸ ಉಕ್ಕಿನ ಚಾನೆಲ್ ಹಾಕಿದರೆ ಗಾಡಿಗಿಂತ ಚಾನೆಲ್ಲೇ ತುಟ್ಟಿ. ಹೆಚ್ಚೆಂದರೆ ಮದುವೆ ಸೀಸನ್ ಒಂದು ಓಡಿದರೆ ಸಾಕು ನಮಗೆ. ನಮ್ಮವರಿಗೆ ನಾವೇ ಆಗದಿದ್ದರೆ ಹೇಗೆ?”

“ಹಿಂದೆ ಕೂರುವವರು ಯಾರವರು?”

“ಅಯ್ಯೋ, ಅವರಿಗೆಲ್ಲ ಅಭ್ಯಾಸ ಉಂಟು.”

ವರದಿಯಲ್ಲಿ ‘ನಾಟ್ ರೆಕಮೆಂಡೆಡ್’ ಎಂದು ಬರೆದೆ. ಅಂದರೆ ಈ ವಾಹನಕ್ಕೆ ವಿಮೆ ಕೊಡಬಾರದು. ವಿಮೆ ಇಲ್ಲದೆ ಆರ್‌ಟಿಓ ಫಿಟ್‌ನೆಸ್ ಇಲ್ಲ. ಫಿಟ್‌ನೆಸ್ ಇಲ್ಲದ ಬಣ್ಣದ ಗಾಡಿಯನ್ನು ದಾರಿಯಲ್ಲಿ ಮೊದಲ ಪೊಲೀಸನೇ ಹಿಡಿಯುತ್ತಾನೆ. ಅದು ರಾಯರಿಗೂ ಗೊತ್ತಿತ್ತು. ಚಾಸಿ ಕತ್ತರಿಸಿ ಗಟ್ಟಿ ಉಕ್ಕಿನವರೆಗೆ ಚಾನೆಲ್ ವೆಲ್ಡ್ ಮಾಡಿಸಿದ ಮೇಲೆ ಮತ್ತೆ ಕರೆಯಿರಿ ಎಂದೆ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಬ್ಯಾಗ್ ಎತ್ತಿಕೊಂಡು ಹೊರಟಿದ್ದರೆ ಈ ಕಥೆ ಬರೆಯುವ ಅಗತ್ಯವೇ ಇರಲಿಲ್ಲ.

ಆದರೆ ಆ ಮನುಷ್ಯನ ನಗು ಇನ್ನೂ ಮುಖದ ಮೇಲೇ ಇತ್ತು. ಅದನ್ನು ಅಳಿಸದೆ ಹೋಗಲು ನನಗೆ ಆಗಲಿಲ್ಲ. ಗೇಟಿನ ಹತ್ತಿರ ತಿರುಗಿ ನಿಂತು ಹೇಳಿದೆ: “ನಿಮ್ಮ ಡ್ರೈವರ್ ಕೈಯ ಟಾರ್ಚಿಗೆ ಇರುವಷ್ಟು ಮರ್ಯಾದೆ ನಿಮಗಿಲ್ಲವಲ್ಲ ರಾಯರೇ. ಅದು ತೋರಿಸಿರದಿದ್ದರೆ ನೀವು ಆರು ಹೆಂಗಸರನ್ನು ಬೇಯಿಸಿಬಿಡುತ್ತಿದ್ದಿರಿ.”

ನಗು ಅಳಿಯಿತು. ರಾಯರು ನಿಧಾನವಾಗಿ ಶರಣಪ್ಪನವರ ಕಡೆ ತಿರುಗಿದರು. “ಓಹೋ, ಹಾಗಾ?” ಎಂದರು, ಅಷ್ಟೇ. ಶರಣಪ್ಪ ಒರೆಸುವ ಬಟ್ಟೆಯನ್ನು ಮಡಿಸುತ್ತಿದ್ದವರು ಮಡಿಸುತ್ತಲೇ ಇದ್ದರು, ತಲೆ ಎತ್ತಲಿಲ್ಲ.

ನಾನು ಏನು ಮಾಡಿಬಿಟ್ಟೆ ಎಂದು ನನಗೆ ಹೊಳೆಯಲೇ ಇಲ್ಲ. ಡೊಂಬಿವಲಿಯಿಂದ ಠಾಣೆಗೆ ಲೋಕಲ್‌ನಲ್ಲಿ ಕೂತು ಆ ವಾಕ್ಯವನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡೆ. ಚೆನ್ನಾಗಿ ಬಂದಿದೆ ಅನಿಸಿತು. ಸೋಮವಾರ ವಿಮಾ ಕಂಪನಿಯ ಆಫೀಸಿನಲ್ಲಿ ಇಬ್ಬರಿಗೆ ಹೇಳಿ ನಗಿಸಿದೆ.

ಐದು ವಾರದ ನಂತರ ಮತ್ತೆ ಕರೆ ಬಂತು. ಹೋದೆ. ಈ ಸಲ ಶಿರಾ ಇಲ್ಲ, ಅಕ್ಕನೂ ಇಲ್ಲ, ಬರೀ ಮೇಡಂ. ಚಾಸಿಯ ಕೊಳೆತ ಭಾಗ ಕತ್ತರಿಸಿ ಚಾನೆಲ್ ಕೂರಿಸಿದ್ದರು. ವೆಲ್ಡಿಂಗ್ ಗಟ್ಟಿ ಉಕ್ಕಿನೊಳಗೆ ಎರಡು ಇಂಚು ಹೋಗಿತ್ತು, ನೀಟಾದ ಕೆಲಸ. ಸ್ಕ್ರೂಡ್ರೈವರ್ ಎಲ್ಲೂ ಇಳಿಯಲಿಲ್ಲ. ಸಹಿ ಹಾಕಿದೆ. ಆಗ ಸ್ಟಿಯರಿಂಗ್ ಮುಂದೆ ಬೇರೊಬ್ಬರು ಕೂತಿರುವುದು ಕಂಡಿತು.

“ಶರಣಪ್ಪ ಎಲ್ಲಿ?”

“ಯಾರು, ನಿಮ್ಮ ಟಾರ್ಚಾ?” ರಾಯರು ಫಾರಂ ಮಡಿಸಿ ಜೇಬಿಗೆ ಹಾಕಿಕೊಂಡರು. “ಆ ದಿನವೇ ಕೋಣೆ ಬಿಡಿಸಿದೆ. ನನ್ನ ಉಪ್ಪು ತಿಂದು ನಿಮಗೆ ಬೆಳಕು ಹಿಡಿಯುವವರು ನನಗೆ ಬೇಡ ಮೇಡಂ. ಗೊತ್ತೇ ಆಗ್ತಿರಲಿಲ್ಲ ನೋಡಿ. ನೀವೇ ಹೇಳಿದ್ದು ಒಳ್ಳೆಯದಾಯ್ತು.”

ಅಲ್ಲಿಯವರೆಗೆ ನಾನು ರಾಯರಿಗಾಗಿ ಕೂಡಿಟ್ಟಿದ್ದ ತಿರಸ್ಕಾರವೆಲ್ಲ ಮನೆ ಬದಲಿಸಿ ನನ್ನಲ್ಲಿಗೇ ಬಂದು ಕೂತಿತು. ಒಬ್ಬ ಮನುಷ್ಯ ತನ್ನ ಕೆಲಸ, ಸೂರು, ಹೆಂಡತಿಯ ಕೆಲಸ ಎಲ್ಲವನ್ನೂ ಪಣಕ್ಕಿಟ್ಟು ಸದ್ದಿಲ್ಲದೆ ಒಂದು ಸತ್ಯ ತೋರಿಸಿದ್ದ. ಸದ್ದಾಗಬಾರದೆಂದೇ ಬಾಯಲ್ಲಿ ಸುಳ್ಳು ಹೇಳುತ್ತಿದ್ದ. ಅಷ್ಟು ಎಚ್ಚರದಿಂದ ಮಾಡಿದ್ದನ್ನು ನಾನು ಒಂದು ಚಂದದ ವಾಕ್ಯಕ್ಕಾಗಿ ಬೀದಿಗೆ ತಂದಿದ್ದೆ. ರಾಯರದ್ದಾದರೂ ಲೋಭ. ನನ್ನದು ಬರೀ ಜಂಭ.

ಮಾರನೆಯ ದಿನ ಶಹಾಡ್‌ಗೆ ಹೋದೆ. ಮೂರನೆಯ ಗೋದಾಮಿನಲ್ಲಿ ಶರಣಪ್ಪ ಸಿಕ್ಕರು. ಲಾರಿಯ ಬಾಲಕ್ಕೆ ಹಲಗೆ ಹಾಕಿ ಮೂಟೆ ಇಳಿಸುತ್ತಿದ್ದರು, ಸೊಂಟಕ್ಕೆ ಹಳೆಯ ಸೀರೆಯ ಪಟ್ಟಿ ಬಿಗಿದಿತ್ತು. ನನ್ನನ್ನು ಕಂಡು ಮೂಟೆ ಇಳಿಸಿ ಬಂದರು. ತಪ್ಪಾಯಿತು ಎಂದೆ. ಅವರು ಬೆವರು ಒರೆಸಿಕೊಂಡು ಕೇಳಿದರು:

“ಗಾಡಿ ಪಾಸ್ ಆತೇನ್ರಿ ಬಾಯಾರ?”

“ಆಯಿತು.”

“ಚಾನೆಲ್ ಹಾಕ್ಯಾರ?”

“ಹಾಕಿದ್ದಾರೆ. ನಾನೇ ನೋಡಿದೆ.”

“ಹಂಗಾರ ಛಲೋ ಆತು. ಆ ಹೆಣ್ಮಕ್ಳು ಬಚಾವಾದ್ರು.”

ಠಾಣೆಯಲ್ಲಿ ನನಗೆ ಗೊತ್ತಿರುವ ಟ್ರಾನ್ಸ್‌ಪೋರ್ಟಿನವರಿದ್ದಾರೆ, ನಿಮ್ಮ ಬಗ್ಗೆ ಮಾತಾಡುತ್ತೇನೆ, ಡ್ರೈವರ್ ಕೆಲಸ ಕೊಡಿಸುತ್ತೇನೆ ಎಂದೆ. ಅವರು ಎರಡೂ ಕೈ ಮುಗಿದರು. ಆ ನಮಸ್ಕಾರದಲ್ಲಿ ಗೌರವಕ್ಕಿಂತ ಹೆದರಿಕೆಯೇ ಹೆಚ್ಚು ಇತ್ತು.

“ಬ್ಯಾಡ್ರಿ. ನೀವು ಯಾರ ಮುಂದೂ ನನ್ನ ಬಗ್ಗೆ ಏನೂ ಹೇಳಬ್ಯಾಡ್ರಿ. ಛಲೋದೂ ಹೇಳಬ್ಯಾಡ್ರಿ.”

ಲಾರಿಯಿಂದ ಯಾರೋ ಕೂಗಿದರು. ಅವರು ಹೋಗಿ ಬೆನ್ನು ಬಗ್ಗಿಸಿದರು, ಮೂಟೆ ಬಂದು ಕೂತಿತು.

ಸರ್ವೇಯರ್ ಕೆಲಸ ನನಗೆ ಕಬ್ಬಿಣ ಓದುವುದನ್ನು ಬೇಗನೆ ಕಲಿಸಿತು. ಏನು ಕಂಡೆ ಎಂದು ಮಾತ್ರ ಬರೆಯಬೇಕು, ಯಾರು ತೋರಿಸಿದರು ಎಂಬುದು ನನ್ನ ಜೊತೆಗೇ ಮುಗಿಯಬೇಕು, ಹೊಗಳಿಕೆಯ ರೂಪದಲ್ಲೂ ಅದು ಹೊರಗೆ ಬರಬಾರದು ಎಂಬುದನ್ನು ಕಲಿಯಲು ಇಪ್ಪತ್ತೇಳು ವರ್ಷ ಮತ್ತು ಇನ್ನೊಬ್ಬರ ಸೊಂಟ ಬೇಕಾಯಿತು. ಇಷ್ಟು ಬರೆಯುವಾಗಲೂ ಕೈ ತಡೆದಿದೆ. ಅವರ ಹೆಸರು ಶರಣಪ್ಪ ಅಲ್ಲ, ಊರೂ ಕಲಬುರಗಿ ಅಲ್ಲ. ರಾಯರ ವಿಷಯದಲ್ಲಿ ಆ ಶ್ರಮ ತೆಗೆದುಕೊಂಡಿಲ್ಲ.