ಓ ಗ್ರೂಪಿನ ಏಟು

ಮಾಂಸದಂಗಡಿಯವನಿಗೆ ತನ್ನ ರಕ್ತದ ಮೇಲೆ ಇನ್ನಿಲ್ಲದ ಜಂಬ. ಪ್ರಾಯದಲ್ಲಿ ಹದಿನೆಂಟು ಸಲ ರಕ್ತ ಕೊಟ್ಟಿದ್ದ. ಆ ಕಾರ್ಡುಗಳನ್ನೆಲ್ಲ ಅಂಗಡಿಯ ಗೋಡೆಗೆ ಸಾಲಾಗಿ ಅಂಟಿಸಿದ್ದ. "ನಮ್ದು ಓ ಗ್ರೂಪು. ಎಲ್ರಿಗೂ ಆಗೋ ರಕ್ತ. ಇದಕ್ಕೆ ಸುಸ್ತು ಅನ್ನೋದೇ ಗೊತ್ತಿಲ್ಲ," ಎನ್ನುತ್ತಿದ್ದ. ಮಾಂಸ ಕೊಚ್ಚುವವನು ಚೂರು ಕೊಚ್ಚಿಕೊಂಡರೆ ಯಾರು ಕೇಳುತ್ತಾರೆ?

ಇಪ್ಪತ್ತರ ಮಗಳದ್ದೂ ಓ ಗ್ರೂಪೇ. ಆದರೆ ಅವಳಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಉಗುರಿನಲ್ಲಿ ಕೆಂಪೆಂಬುದೇ ಇಲ್ಲ. ಕಾಲೇಜಿನ ತಪಾಸಣೆಯಲ್ಲಿ ರಕ್ತಹೀನತೆ ಎಂದು ಬರೆದುಕೊಟ್ಟಿದ್ದರು. ಅಪ್ಪ ಆ ಚೀಟಿಯನ್ನು ಮುದುರಿ ಅವಳ ಬಾಯಿಗೇ ತುರುಕಿದ್ದ. "ಓ ಗ್ರೂಪಿಗೆ ರಕ್ತಹೀನತೆನಾ? ಸೋಮಾರಿತನಕ್ಕೆ ಹೊಸ ಹೆಸರು!" ಅವಳು ಕೂತಾಗಲೆಲ್ಲ ಬೆನ್ನಿಗೆ ಬೆಲ್ಟು. ಒಮ್ಮೆ ಹಲ್ಲು ಹೋಯಿತು, ಇನ್ನೊಮ್ಮೆ ಕಿವಿಯಿಂದ ರಕ್ತ ಬಂತು. ರಕ್ತಹೀನತೆ ಗ್ರೂಪು ನೋಡಿಕೊಂಡು ಬರುವ ಕಾಯಿಲೆಯಲ್ಲ ಎಂದು ಆ ಮೂರ್ಖನಿಗೆ ಹೇಳುವ ಎದೆ ಬೀದಿಯಲ್ಲಿ ಒಬ್ಬರಿಗೂ ಇರಲಿಲ್ಲ.

ಈಚೆಗೊಂದು ವರ್ಷದಿಂದ ಏಟುಗಳು ಹಗುರಾಗಿದ್ದವು. ನಾಲ್ಕು ಬಾರಿಸಿದರೆ ಅಪ್ಪ ಬೆಲ್ಟು ಬಿಸಾಡಿ ಕುರ್ಚಿ ಹಿಡಿಯುತ್ತಿದ್ದ. "ಅಪ್ಪ ಮೆತ್ತಗಾಗ್ತಿದ್ದಾರೆ ಕಣಮ್ಮಾ. ಒಳಗೊಳಗೇ ಕರುಳು ಚುರ್ ಅನ್ನುತ್ತೆ ಅನ್ಸುತ್ತೆ," ಎಂದಳು ಮಗಳು ಅಮ್ಮನಿಗೆ. ಆ ಒಂದು ಆಸೆಗೆ, ನಮ್ಮ ಮನೇಲಿರು ಬಾ ಎಂದು ಚಿಕ್ಕಮ್ಮ ಕರೆದರೂ ಹೋಗದೆ ಉಳಿದಳು.

ಮೊನ್ನೆ ಅಂಗಡಿಯಲ್ಲಿ ಮೂಳೆ ಕಡಿಯುತ್ತಿದ್ದಾಗ ಕಣ್ಣು ಕತ್ತಲೆ ಬಂದು ಕೊರಡಿಗೆ ಒರಗಿದಳು. "ಎದ್ದೇಳೇ!" ಎಂದು ಅಪ್ಪ ಸೊಂಟಕ್ಕೆ ಒದ್ದ. ಬಲಗೈಯಲ್ಲಿದ್ದ ಮಚ್ಚು ಎಡಗೈ ಮೇಲೇ ಇಳಿಯಿತು. ಕುರಿಯ ರಕ್ತ ಯಾವುದು, ಅವಳದ್ದು ಯಾವುದು ತಿಳಿಯದಂತೆ ಕೊರಡು ತೊಯ್ದುಹೋಯಿತು.

ಆಸ್ಪತ್ರೆಯಲ್ಲಿ ಅಪ್ಪ ಅಂಗಿಯ ತೋಳು ಮಡಚಿಕೊಂಡು ಬಂದ. "ನಂದೇ ತಗೊಳ್ಳಿ, ಎಷ್ಟು ಬೇಕಾದ್ರೂ."

ಬೆರಳಿಗೆ ಸೂಜಿ ಚುಚ್ಚಿ ನೋಡಿದ ನರ್ಸು ತಲೆಯಾಡಿಸಿದಳು. "ಗ್ರೂಪೇನೋ ಹೊಂದುತ್ತೆ ಯಜಮಾನ್ರೇ. ಆದ್ರೆ ನಿಮ್ಮಲ್ಲೇ ರಕ್ತ ಇಲ್ಲ. ಹಿಮೋಗ್ಲೋಬಿನ್ ಏಳೇ ಇದೆ, ಹದಿಮೂರಾದ್ರೂ ಬೇಕು. ಹೊಟ್ಟೆಯೊಳಗೆ ಎಲ್ಲೋ ಸೋರ್ತಿರಬಹುದು. ಸುಸ್ತು ಎಷ್ಟು ದಿನದಿಂದ?"

"ಒಂದು ವರ್ಷ ಆಯ್ತು," ಎಂದ ಅಪ್ಪ ಮೆಲ್ಲಗೆ. "ಕೈ ಎತ್ತೋಕೇ ಆಗಲ್ಲ."

ಯಾರದೋ ರಕ್ತ ಏರಿಸಿಕೊಳ್ಳುತ್ತ ಮಲಗಿದ್ದ ಮಗಳಿಗೆ ಅದು ಕೇಳಿಸಿತು. ಒಂದು ವರ್ಷ. ಹಲ್ಲು ಹೋದಾಗ ಅಳದವಳು ಈಗ ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಅಮ್ಮನನ್ನು ಹತ್ತಿರ ಕರೆದಳು.

"ಚಿಕ್ಕಮ್ಮನಿಗೆ ಫೋನ್ ಮಾಡು. ಅಪ್ಪ ಹುಷಾರಾಗೋಷ್ಟರಲ್ಲಿ ನಾನು ಹೋಗಿರ್ಬೇಕು."